ಕಾರಿನೊಳಗೆ ಕೇಳಿದ ಕ್ಷಮೆ

“ಮಿನ್‌ಹ್ವೇ, ನಲವತ್ತೆರಡನೇ ಪುಟ. ಜೋರಾಗಿ ಓದು,” ಎಂದರು ಕೋ ಟೀಚರ್.

ಮಿನ್‌ಹ್ವೇ ಎದ್ದು ನಿಂತಳು. ಇಡೀ ಐದನೇ ಕ್ಲಾಸಿನಲ್ಲಿ ಅವಳಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರಿರಲಿಲ್ಲ. ಅವಳ ದನಿ ಕಡೆಯ ಬೆಂಚಿನವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳು ಸಮಾಜ ಪುಸ್ತಕ ತೆಗೆದು, ಪುಟ ಬಿಡಿಸಿ, ಎಂದಿನಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

“‘ನನ್ನನ್ನು ಬಿಟ್ಟು ಹೋಗಬೇಡ’ ಎಂದು ಚೇರ್ಮನ್ ಅವಳ ಕೈ ಹಿಡಿದ. ಅವನ ಕಣ್ಣಲ್ಲಿ ನೀರು...”

ಅಲ್ಲಿಗೆ ಅವಳ ದನಿ ನಿಂತುಹೋಯಿತು. ಆ ಪುಟದಲ್ಲಿ ಕಾಲುವೆ, ಅಣೆಕಟ್ಟು, ಕಬ್ಬಿನ ಗದ್ದೆಗಳು ಇರಬೇಕಿತ್ತು. ಚೇರ್ಮನ್ ಎಲ್ಲಿಂದ ಬಂದ?

ಇಡೀ ಕ್ಲಾಸು ಸೂರು ಹಾರಿಹೋಗುವ ಹಾಗೆ ನಕ್ಕಿತು.

ಕೋ ಟೀಚರ್ ಬಂದು ಪುಸ್ತಕ ಕಿತ್ತುಕೊಂಡರು. ಹೊರಗೆ ಹಾಕಿದ್ದ ಕ್ಯಾಲೆಂಡರ್ ಕಾಗದದ ರಟ್ಟು ಹರಿದರು. ಒಳಗಿಂದ ಗುಲಾಬಿ ಬಣ್ಣದ ಮುಖಪುಟ ಹೊರಬಂತು. ಅದರ ಮೇಲೆ ಉದ್ದ ಕೂದಲಿನ ಹುಡುಗಿಯೊಬ್ಬಳು ಸೂಟು ಹಾಕಿದವನ ಹೆಗಲಿಗೆ ಒರಗಿ ನಿಂತಿದ್ದಳು.

“ಅಯ್ಯೋ, ಲವ್ ಸ್ಟೋರಿ!” ಎಂದು ಹಿಂದಿನ ಬೆಂಚಿನ ಬೋವೇ ಕೂಗಿದ. “ಚೇರ್ಮನ್ ಹೆಂಡ್ತಿ! ಚೇರ್ಮನ್ ಹೆಂಡ್ತಿ!”

“ಇದೆಲ್ಲಿಂದ ಬಂತು, ಮಿನ್‌ಹ್ವೇ?”

ಮಿನ್‌ಹ್ವೇ ತಲೆ ತಿರುಗಿಸಿ ಎರಡನೇ ಸಾಲಿನಲ್ಲಿದ್ದ ವೆನ್‌ಚಿಯನ್ನು ಒಂದೇ ಒಂದು ಸಲ ನೋಡಿದಳು.

ಪುಸ್ತಕ ವೆನ್‌ಚಿಯದು. ಸ್ಕೂಲು ಶುರುವಾದಾಗ ಗೆಳತಿಯರಿಬ್ಬರೂ ಕೂತು ಅಕ್ಕಿ ಗಿರಣಿಯ ಹಳೇ ಕ್ಯಾಲೆಂಡರ್ ಹರಿದು ಎಲ್ಲಾ ಪುಸ್ತಕಕ್ಕೂ ರಟ್ಟು ಹಾಕಿದ್ದರು. ಮಿಕ್ಕ ಕಾಗದವನ್ನು ವೆನ್‌ಚಿ ಈ ಕಾದಂಬರಿಗೆ ಹಾಕಿಕೊಂಡಿದ್ದಳು. ಬೆಳಿಗ್ಗೆ ಹೋಂವರ್ಕ್ ತಾಳೆ ನೋಡುವಾಗ ಅದು ಮಿನ್‌ಹ್ವೇ ಚೀಲಕ್ಕೆ ಹೋಗಿರಬೇಕು.

‘ಅದು ನಂದು ಟೀಚರ್’ ಅನ್ನಬೇಕಿತ್ತು, ಅಷ್ಟೇ. ಆದರೆ ಅವಳಿಗೆ ಅಮ್ಮನ ಮಾತು ನೆನಪಾಯಿತು. “ಅತ್ತೆ ಪುಸ್ತಕದಂಗಡೀಲಿ ಕೂತು ಓದು, ಬೇಡ ಅನ್ನಲ್ಲ. ಆದ್ರೆ ಒಂದು ಪುಸ್ತಕ ಸ್ಕೂಲಿಗೆ ಹೋಯ್ತು ಅಂತ ಗೊತ್ತಾದ್ರೆ, ಅವತ್ತಿಂದ ನೀನು ಆ ಅಂಗಡಿ ಬಾಗಿಲು ದಾಟೋ ಹಾಗಿಲ್ಲ.”

ವೆನ್‌ಚಿ ತಲೆ ಬಗ್ಗಿಸಿ, ತನ್ನ ಸಮಾಜ ಪುಸ್ತಕದ ಕಾಲುವೆಯ ಚಿತ್ರವನ್ನೇ ನೋಡುತ್ತಾ ಕುಳಿತಳು.

“ನಿನ್ನಂಥ ಹುಡುಗಿ ಹೀಗೆ ಮಾಡ್ತಾಳೆ ಅಂತ ನಾನು ಅಂದ್ಕೊಂಡಿರ್ಲಿಲ್ಲ,” ಎಂದರು ಟೀಚರ್. “ಕ್ರೀಡಾಕೂಟದ ದಿನ ನಿನ್ನ ಕೈಗೆ ಮೈಕ್ ಕೊಡೋಣ ಅಂತಿದ್ದೆ. ಇನ್ನು ಬೇರೆಯವರನ್ನ ನೋಡ್ತೀನಿ.”

ಮಿನ್‌ಹ್ವೇ ಕುಳಿತುಕೊಂಡಳು. ಅವಳ ಕಿವಿ ಕೆಂಪಾಗಿತ್ತು. ಮೈಕ್ ಹಿಡಿಯಲು ಅವಳು ಬೇಸಿಗೆ ರಜೆಯಿಂದಲೂ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅದು ವೆನ್‌ಚಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನವೇ ಮೈಕ್ ಬೋವೇಗೆ ಹೋಯಿತು.

ವೆನ್‌ಚಿಯ ಸೋದರತ್ತೆಯದು ಸಂತೆಕಟ್ಟೆಯ ಹಿಂದೆ ಇರುವ ಬಾಡಿಗೆ ಪುಸ್ತಕದಂಗಡಿ. ಒಂದು ಗೋಡೆ ತುಂಬ ಕಾಮಿಕ್ಸ್, ಒಂದು ಗೋಡೆ ತುಂಬ ಕತ್ತಿವರಸೆ ಕತೆ. ಮಿಕ್ಕಿದ್ದೆಲ್ಲಾ ಪ್ರೇಮ ಕಾದಂಬರಿ. ಸ್ಕೂಲು ಬಿಟ್ಟ ಮೇಲೆ ಅಮ್ಮ ಟವೆಲ್ ಫ್ಯಾಕ್ಟರಿಯಿಂದ ಬರುವ ತನಕ ವೆನ್‌ಚಿ ಅಲ್ಲೇ ಇರುತ್ತಿದ್ದಳು. ಕೈ ಹಿಡಿದುಕೊಳ್ಳುವುದಕ್ಕಿಂತ ಮುಂದೆ ಹೋಗದ ಪುಸ್ತಕಗಳನ್ನೆಲ್ಲ ಅತ್ತೆ ಕೆಳಗಿನ ಶೆಲ್ಫಿನಲ್ಲಿ ಜೋಡಿಸಿಟ್ಟಿದ್ದಳು. ಅದು ವೆನ್‌ಚಿಯ ಶೆಲ್ಫು.

ಓದಿ ಓದಿ ಅವಳು ಆ ಅಂಗಡಿಯ ಜಡ್ಜ್ ಆಗಿಬಿಟ್ಟಿದ್ದಳು. ಸೊಪ್ಪಿನ ಚೀಲ ಹಿಡಿದು ಬಂದ ಹೆಂಗಸರು ನೇರ ಅವಳನ್ನೇ ಕೇಳುತ್ತಿದ್ದರು.

“ಇದು ಹೇಗಿದೆಯೇ ಮರಿ? ಅಳು ಬರತ್ತಾ?”

“ಅಳು ಬರತ್ತೆ ಆಂಟಿ, ಆದ್ರೆ ನಡುವೆ ಸಿಕ್ಕಾಪಟ್ಟೆ ಶಾಪಿಂಗ್ ಮಾಡ್ತಾರೆ. ಆ ಪುಟ ಹಾರಿಸಿಬಿಡಿ.”

ಆದರೆ ಈಗ ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ.

“ಮೊನ್ನೆ ಒಯ್ದ ಪುಸ್ತಕ ಎಲ್ಲಿ?” ಎಂದು ಅತ್ತೆ ಕೇಳಿದಳು.

“ಮನೇಲಿದೆ,” ಎಂದಳು ವೆನ್‌ಚಿ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆಯಾಯಿತು.

ಸ್ಕೂಲಿನಲ್ಲಿ ಮಿನ್‌ಹ್ವೇ ಜಗಳ ಆಡಲಿಲ್ಲ, ಯಾರಿಗೂ ಚಾಡಿ ಹೇಳಲಿಲ್ಲ. ವೆನ್‌ಚಿ ಇದ್ದಾಳೆ ಅನ್ನುವುದನ್ನೇ ಮರೆತವಳ ಹಾಗೆ ಓಡಾಡಿಕೊಂಡಿದ್ದಳು. ಬೈದಿದ್ದರೂ ವಾಸಿಯಿತ್ತು ಅನ್ನಿಸಿತು ವೆನ್‌ಚಿಗೆ.

ಏನು ಮಾಡಬೇಕು ಅಂತ ಅವಳಿಗೆ ಗೊತ್ತಿತ್ತು. ಅಷ್ಟು ಕಾದಂಬರಿ ಓದಿದ್ದಳಲ್ಲ! ಅವುಗಳಲ್ಲಿ ನಾಯಕ ಯಾವಾಗಲೂ ಯಾವುದೋ ದೊಡ್ಡ ಕಂಪನಿಯ ಚೇರ್ಮನ್. ತಪ್ಪು ಮಾಡಿದರೆ ಅವನು ಮೊದಲು ಉಡುಗೊರೆ ಕಳಿಸುತ್ತಾನೆ. ವೆನ್‌ಚಿ ಕ್ಯಾಂಟೀನಿನಿಂದ ಮೊಟ್ಟೆ ಪುಡಿಂಗ್ ತಂದು, ಯಾರೂ ನೋಡದಾಗ ಮಿನ್‌ಹ್ವೇ ಡೆಸ್ಕಿನೊಳಗೆ ಇಟ್ಟಳು. ಮಧ್ಯಾಹ್ನ ಎಲ್ಲರೂ ಡೆಸ್ಕಿಗೆ ತಲೆಯಿಟ್ಟು ಮಲಗುವ ಹೊತ್ತು ಮುಗಿದು ಕಣ್ಣು ಬಿಟ್ಟರೆ, ಪುಡಿಂಗ್ ವಾಪಸ್ ಅವಳ ಮೂಗಿನ ಮುಂದೆಯೇ ಇತ್ತು. ಚಮಚವೂ ಹಾಗೇ ಇತ್ತು.

ಆಮೇಲೆ ಚೇರ್ಮನ್ ಕ್ಷಮೆ ಕೇಳುತ್ತಾನೆ. ಅಂಗಳ ಗುಡಿಸುವ ಹೊತ್ತಿನಲ್ಲಿ, ಸೈಕಲ್ ಶೆಡ್ಡಿನ ಹಿಂದೆ ಮಿನ್‌ಹ್ವೇ ಒಬ್ಬಳೇ ಎಲೆ ಗುಡ್ಡೆ ಮಾಡುತ್ತಿದ್ದಳು. ವೆನ್‌ಚಿ ಓಡಿಹೋದಳು.

“ಸಾರಿ ಕಣೇ. ನಿಜವಾಗ್ಲೂ ಸಾರಿ. ನಂಗೆ ತುಂಬಾ ಭಯ ಆಯ್ತು. ಪ್ಲೀಸ್, ಮಾತಾಡೇ.”

ಮಿನ್‌ಹ್ವೇ ಪೊರಕೆ ನಿಲ್ಲಿಸಿ, ಶೆಡ್ಡಿನ ಆಚೆ ಒಮ್ಮೆ, ಈಚೆ ಒಮ್ಮೆ ನೋಡಿದಳು.

“ಇಲ್ಲೇ ಯಾಕೆ ಹೇಳ್ತಿದೀಯ?”

“ಯಾಕೆ ಅಂದ್ರೆ?”

“ಇಲ್ಲಿ ಯಾರೂ ಇಲ್ವಲ್ಲ. ಅದಕ್ಕೇ ಕೇಳ್ದೆ.”

ಅವಳು ಮತ್ತೆ ಗುಡಿಸತೊಡಗಿದಳು. ವೆನ್‌ಚಿಗೆ ಸಿಟ್ಟೇ ಬಂತು. ಸಾರಿ ಕೇಳಿದ್ದಾಯಿತು, ಪುಡಿಂಗೂ ಕೊಟ್ಟಿದ್ದಾಯಿತು. ಇನ್ನೇನು ಬೇಕಂತೆ ಮಹಾರಾಣಿಗೆ?

ಅವತ್ತು ಸಂಜೆ ಲಿಯಾವ್ ಅಜ್ಜಿ ಅಂಗಡಿಗೆ ನುಗ್ಗಿದರು. ಸ್ಟೇಷನ್ ಎದುರು ಟರ್ಕಿ ಕೋಳಿ ಅನ್ನ ಮಾರುವ ಅಜ್ಜಿಗೆ ವಾರಕ್ಕೆ ನಾಲ್ಕಾರು ಪುಸ್ತಕ ಸಾಲದು. ಒಂದು ಕಾದಂಬರಿಯನ್ನು ಗಲ್ಲಾದ ಮೇಲೆ ಕುಕ್ಕಿ, “ಥೂ, ಇವನ ಮುಖಕ್ಕಿಷ್ಟು!” ಎಂದರು.

“ಏನಾಯ್ತು ಅಜ್ಜಿ? ಕೊನೇಲಿ ಇಬ್ರೂ ಸೇರಲ್ವಾ?” ಎಂದು ಅತ್ತೆ ನಗುತ್ತಾ ಕೇಳಿದಳು.

“ಸೇರ್ತಾರಮ್ಮ, ಸೇರದೆ ಎಲ್ಲಿಗೆ ಹೋಗ್ತಾರೆ! ಅದು ಮೊದಲನೇ ಪುಟದಲ್ಲೇ ಗೊತ್ತಾಗತ್ತೆ. ಹೇಗೆ ಸೇರ್ತಾರೆ ಅನ್ನೋದಕ್ಕಲ್ವೇನೇ ನಾವು ಓದೋದು? ಇವನು ಪಾರ್ಟೀಲಿ, ಅಷ್ಟೊಂದು ಜನರ ಎದುರಿಗೆ, ಆ ಹುಡುಗೀನ ಕಳ್ಳಿ ಅಂದ. ಪಾಪದ್ದು, ಅಳ್ತಾ ಹೋಯ್ತು. ಆಮೇಲೆ ಅವಳು ಕದ್ದಿಲ್ಲ ಅಂತ ಗೊತ್ತಾಯ್ತು. ಕ್ಷಮೆ ಎಲ್ಲಿ ಕೇಳ್ತಾನೆ ಹೇಳು?”

“ಎಲ್ಲಿ?”

“ಕಾರೊಳಗೆ! ಗಾಜು ಏರಿಸ್ಕೊಂಡು!”

ಆ ಪುಸ್ತಕ ವೆನ್‌ಚಿಯೂ ಓದಿದ್ದಳು. ಅವಳಿಗದು ಇಷ್ಟವೇ ಆಗಿತ್ತು. “ಆದ್ರೆ ಅಜ್ಜಿ, ಅವನು ಅಳ್ತಾನಲ್ಲ. ಸಮುದ್ರದ ಪಕ್ಕ ಅವಳಿಗೊಂದು ಮನೆ ಬೇರೆ ಕೊಡಿಸ್ತಾನೆ.”

“ಮೂಗಿಗೆ ತುಪ್ಪ ಸವರೋ ಕೆಲ್ಸ ಅದು! ಅವಳಿಗೆ ಮನೆ ಯಾಕೆ ಬೇಕು?” ಅಜ್ಜಿ ಕುರ್ಚಿ ಎಳೆದುಕೊಂಡು ಕುಳಿತರು. “ನೀನೇ ಯೋಚನೆ ಮಾಡು ಮರಿ. ಆ ಪಾರ್ಟೀಲಿದ್ದ ಜನ ಎಲ್ಲಾ ಈಗ ಏನಂದ್ಕೊಂಡಿದಾರೆ? ಇನ್ನೂ ಅವಳು ಕಳ್ಳಿ ಅಂತಾನೇ ಅಂದ್ಕೊಂಡಿದಾರೆ. ಅವರಿಗೆ ಹೇಳೋರು ಯಾರು? ಊರಿಗೆಲ್ಲಾ ಕೇಳೋ ಹಾಗೆ ಬೈದು, ಕಿವೀಲಿ ತಪ್ಪಾಯ್ತು ಅಂದ್ರೆ ಅದೆಂಥಾ ತಪ್ಪಾಯ್ತು?”

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಪ್ರೇಮ ಕಾದಂಬರಿಗಳ ಹೆಸರೆಲ್ಲಾ ಒಂದೇ ಥರ. ಓದಿದ್ದನ್ನೇ ಮತ್ತೆ ಒಯ್ಯಬಾರದು ಅಂತ ಒಬ್ಬೊಬ್ಬರೂ ಕಡೇ ಪುಟದಲ್ಲಿ ತಮ್ಮದೇ ಒಂದು ಗುರುತು ಹಾಕುತ್ತಿದ್ದರು. ಲಿಯಾವ್ ಅಜ್ಜಿಯದು ಅನ್ನದ ಬಟ್ಟಲು. ಇಷ್ಟವಾದರೆ ಬಟ್ಟಲಿನ ತುಂಬ ಅನ್ನ, ಆಗದಿದ್ದರೆ ಬಟ್ಟಲು ಬೋರಲು. ಇವತ್ತು ಅಜ್ಜಿ ಪೆನ್ಸಿಲ್ ತಗೊಂಡು, ಕಾಗದ ಹರಿಯುವ ಹಾಗೆ ಒತ್ತಿ, ಬೋರಲು ಬಟ್ಟಲು ಬರೆದರು.

ವೆನ್‌ಚಿಯ ಗುರುತು ಕೊಡೆ. ಇಷ್ಟವಾದರೆ ಬಿಚ್ಚಿದ್ದು, ಆಗದಿದ್ದರೆ ಮಡಚಿದ್ದು. ಅದೇ ಪುಟದ ಮೂಲೆಯಲ್ಲಿ ಅವಳ ಕೊಡೆ ಚೆಂದಕ್ಕೆ ಬಿಚ್ಚಿಕೊಂಡು ನಿಂತಿತ್ತು. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಸೈಕಲ್ ಶೆಡ್ಡಿನ ಹಿಂದೆ ಮಿನ್‌ಹ್ವೇ ಆಚೀಚೆ ಏನು ನೋಡಿದ್ದಳು ಅನ್ನುವುದು ಅವಳಿಗೆ ಈಗ ಹೊಳೆಯಿತು.

“ಅತ್ತೆ,” ಎಂದಳು. “ಆ ಪುಸ್ತಕ ಮನೇಲಿಲ್ಲ. ಕೋ ಟೀಚರ್ ಹತ್ರ ಇದೆ.”

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. “ಟೀಚರ್‌ಗೆ ಹೇಳಿದ್ರೆ ನಿಮ್ಮಮ್ಮ ನಿನ್ನ ಇಲ್ಲಿಗೆ ಬಿಡಲ್ಲ, ಗೊತ್ತಲ್ಲ? ನಾನು ಕೇಳ್ಕೊಂಡ್ರೂ ಬಿಡಲ್ಲ.”

“ಗೊತ್ತು.”

“ಹೂಂ,” ಎಂದಳು ಅತ್ತೆ.

ಮರುದಿನ ಸಮಾಜ ಪಾಠ ಇತ್ತು. ಕೋ ಟೀಚರ್ ಬೋರ್ಡಿನ ಕಡೆ ತಿರುಗುವ ಮೊದಲೇ ವೆನ್‌ಚಿ ಎದ್ದು ನಿಂತಳು. ಡೆಸ್ಕ್ ಹಿಡಿದುಕೊಂಡಳು.

“ಟೀಚರ್, ಆ ಲವ್ ಸ್ಟೋರಿ ಪುಸ್ತಕ ನಂದು. ಮಿನ್‌ಹ್ವೇದಲ್ಲ. ರಟ್ಟು ಹಾಕಿದ್ದು ನಾನು, ಸ್ಕೂಲಿಗೆ ತಂದಿದ್ದೂ ನಾನು. ಅವತ್ತೇ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ದೆ. ಅವಳು ಅದನ್ನ ಓದೇ ಇಲ್ಲ.”

ಯಾರೋ ಕಿಸಕ್ಕೆಂದರು. “ಹಾಗಾದ್ರೆ ಚೇರ್ಮನ್ ಹೆಂಡ್ತಿ ಇವಳು!” ಎಂದ ಬೋವೇ.

“ಹೌದು,” ಎಂದಳು ವೆನ್‌ಚಿ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಕುಳಿತುಕೊಳ್ಳಲಿಲ್ಲ. “ಕರಿಯೋದಾದ್ರೆ ನನ್ನೇ ಕರಿ.”

ಕೋ ಟೀಚರ್ ಮಿನ್‌ಹ್ವೇ ಕಡೆ ತಿರುಗಿ, “ನಾನೂ ಸರಿಯಾಗಿ ವಿಚಾರಿಸಬೇಕಿತ್ತು,” ಎಂದರು. ಆದರೆ ಬೋವೇ ಹೆಸರು ಆಫೀಸಿಗೆ ಹೋಗಿಯಾಗಿತ್ತು. ಮೈಕ್ ವಾಪಸ್ ಬರಲಿಲ್ಲ. ವೆನ್‌ಚಿ ಆ ಪೀರಿಯಡ್ ಪೂರ್ತಿ ಹಿಂದೆ ನಿಂತಳು. ಸಂಜೆ ಟೀಚರ್ ಅವಳ ಮನೆಗೆ ಫೋನ್ ಮಾಡಿದರು. ಹೊಸ ವರ್ಷದ ಹಬ್ಬದವರೆಗೆ ಅಂಗಡಿಗೆ ಹೋಗೋದು ಬಂದ್ ಎಂದಳು ಅಮ್ಮ. ಹಬ್ಬ ಇನ್ನೂ ಬಹಳ ದೂರವಿತ್ತು.

ಅಷ್ಟೆಲ್ಲಾ ಆದರೂ ಮಿನ್‌ಹ್ವೇ ಮಾತಾಡಲಿಲ್ಲ.

ಕ್ರೀಡಾಕೂಟದ ದಿನ ಬೋವೇ ಮೈಕಿನಲ್ಲಿ ಅತಿಥಿಗಳ ಹೆಸರನ್ನು ತಡವರಿಸಿ ಹೇಳುವಾಗ, ಮಿನ್‌ಹ್ವೇ ಕೂತಲ್ಲೇ ತುಟಿ ಅಲ್ಲಾಡಿಸುತ್ತಿದ್ದಳು. ಎಲ್ಲಾ ಹೆಸರೂ ಅವಳಿಗೆ ಬಾಯಿಪಾಠ ಇತ್ತು. ವೆನ್‌ಚಿಗೆ ಅದನ್ನು ನೋಡಲಾಗಲಿಲ್ಲ.

ಅವಳು ಓದಿದ ಪುಸ್ತಕಗಳಲ್ಲಿ ಕ್ಷಮೆ ಕೇಳಿದ ತಕ್ಷಣ ಹುಡುಗಿ ಓಡಿಬಂದು ತಬ್ಬಿಕೊಳ್ಳುತ್ತಿದ್ದಳು. ಅಲ್ಲಿಗೆ ಪುಸ್ತಕ ಮುಗಿಯುತ್ತಿತ್ತು. ಅಷ್ಟು ಬೇಗ ಹೇಗೆ ಓಡಿಬರುತ್ತಾಳೆ ಎಂದು ವೆನ್‌ಚಿ ಮೊದಲ ಸಲ ಯೋಚಿಸಿದಳು. ನಡುವೆ ಒಂದಷ್ಟು ಪುಟ ಇರಬೇಕಿತ್ತು. ಹುಡುಗಿ ಸುಮ್ಮನೆ ಇರುವ ಪುಟಗಳು. ಅವಳಿಗೆ ಇನ್ನೂ ನೋಯುತ್ತಿರುವ ಪುಟಗಳು.

ಮುಂದಿನ ವಾರ ಅಡುಗೆಮನೆಯಿಂದ ಕ್ಲಾಸಿಗೆ ಊಟ ತರುವ ಡ್ಯೂಟಿ ಅವರಿಬ್ಬರೂ ಇದ್ದ ಗುಂಪಿಗೆ ಬಂತು. ಒಬ್ಬರು ಅನ್ನದ ಡಬ್ಬಿ, ಒಬ್ಬರು ಪಲ್ಯ, ಹೀಗೆ ಎಲ್ಲರೂ ಎತ್ತಿಕೊಂಡು ಹೋದರು. ಅಡುಗೆಮನೆ ಬಾಗಿಲಲ್ಲಿ ಸೂಪಿನ ದೊಡ್ಡ ಬಕೆಟ್ ಉಳಿಯಿತು. ಅದಕ್ಕೆ ಎರಡು ಹಿಡಿಕೆ, ಒಬ್ಬರಿಂದ ಆಗದ ಕೆಲಸ. ವೆನ್‌ಚಿ ಒಂದು ಹಿಡಿಕೆ ಹಿಡಿದು, ಯಾರಾದರೂ ಬರಲಿ ಎಂದು ನಿಂತಿದ್ದಳು. ಕೂಗಿ ಕರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಆಚೆ ಕಡೆಯ ಹಿಡಿಕೆ ಮೇಲೆದ್ದಿತು. ವೆನ್‌ಚಿ ನೋಡಿದಳು. ಮಿನ್‌ಹ್ವೇ.

ವೆನ್‌ಚಿಗೆ ಹೇಳಬೇಕಾದದ್ದು ಎಷ್ಟೋ ಇತ್ತು. ನಾಲಿಗೆ ತುದಿಗೆ ಬಂದಿದ್ದನ್ನೆಲ್ಲಾ ನುಂಗಿಕೊಂಡಳು.

“ನಿನ್ನ ಕಡೆ ವಾಲ್ತಿದೆ,” ಎಂದಳು ಮಿನ್‌ಹ್ವೇ, ಮುಂದೆ ನೋಡುತ್ತಲೇ.

“ಹೂಂ.”

ವೆನ್‌ಚಿ ತನ್ನ ಕೈ ಒಂಚೂರು ಎತ್ತಿದಳು. ಮೆಟ್ಟಿಲ ಹತ್ತಿರ ಮಿನ್‌ಹ್ವೇ ನಿಧಾನವಾದಾಗ ತಾನೂ ನಿಧಾನವಾದಳು. ಕ್ಲಾಸಿನವರೆಗೆ ಸೂಪು ಚೆಲ್ಲಲಿಲ್ಲ.