ಏಪ್ರನ್ ಲಾಡಿಯ ಗಂಟು ಎಲ್ಲಿತ್ತು?

"ಅಲ್ಲಾಡಬೇಡಿ... ನಾನು ನೋಡ್ತಿರೋದು ಏಪ್ರನ್ನನ್ನ."

ಮ್ಯೂಸಿಯಂನವನು ಹಾಗಂದಾಗ, ಅಲ್ಲಾಡೋ ಭಾಗ್ಯ ಅವಳಿಗೆಲ್ಲಿತ್ತು? ಅತ್ತಿಗೆ ಬೆಳಗ್ಗೇನೇ ಸೊಂಟಕ್ಕೆ ಏಪ್ರನ್ ಸುತ್ತಿ, ಬೆನ್ನ ಹಿಂದೆ ಬಿಗಿಯಾಗಿ ಲಾಡಿ ಕಟ್ಟಿ ನಿಲ್ಲಿಸಿದ್ದಳು. ತಂಗಿ ಇರುವಾಗ ಹೊಲಿಗೆ ಅಂಗಡಿಗೆ ಗೊಂಬೆ ಯಾಕೆ ಅನ್ನೋನು ಅಣ್ಣ.

ಮ್ಯೂಸಿಯಂನಲ್ಲಿದ್ದ ಇನ್ನೂರು ವರ್ಷ ಹಳೇ ಏಪ್ರನ್ನಿನ ತದ್ರೂಪು ಹೊಲಿಯಬೇಕಿತ್ತು. ಬೆರಳಗಲಕ್ಕೆ ಎಂಟು ನೆರಿಗೆ, ಎಲ್ಲಾ ಕೈಹೊಲಿಗೆ. ನೆರಿಗೆ ಅವಳದು, ಬೋರ್ಡು ಅಣ್ಣನದು. ಮನೆ ಮೇಲೆ, ಅಂಗಡಿ ಕೆಳಗೆ. ಅವಳ ಲೋಕಸಂಚಾರ ಅಂದ್ರೆ ಹದಿನಾಲ್ಕು ಮೆಟ್ಟಿಲು!

ಅವನು ಮೂರು ಸಲ ಬಂದ. ಅಳತೆ ತಗೊಂಡ, ಹೊಲಿಗೆ ಬಗ್ಗೆ ಅವಳನ್ನೇ ಕೇಳಿದ. ಅಣ್ಣನನ್ನ ಬಿಟ್ಟು ಅವಳನ್ನ ಕೇಳಿದ ಮೊದಲ ಗಿರಾಕಿ!

ಆಮೇಲೆ ಬರಲೇ ಇಲ್ಲ.

ನಿನ್ನ ಕೆಲಸ ಅವರಿಗೆ ಹಿಡಿಸಿಲ್ಲ, ಹೊರಗೆ ನಿನ್ನನ್ನ ಯಾರು ಕೇಳ್ತಾರೆ ಅಂದ ಅಣ್ಣ. ಹದಿನೈದು ದಿನ ಅವಳು ನೆರಿಗೆ ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. 'ನಾನು ಇಷ್ಟೇನಾ...'

ಏಪ್ರನ್ ಒಯ್ಯೋ ದಿನ ಅತ್ತಿಗೆ ಮತ್ತೆ ಅವಳಿಗೇ ಅದನ್ನ ಕಟ್ಟಿ ನಿಲ್ಲಿಸಿದ್ದಳು. ಅವನು ಬಂದ. ಮುಖ ಬಾಡಿತ್ತು.

"ಗಂಟು ಹಿಂದೇನೇ ಇದೆ. ಕಾಗದದಲ್ಲಿ ಬರೆದಿದ್ದೆನಲ್ಲ?"

"ಯಾವ ಕಾಗದ?"

ಅಣ್ಣನಿಗೆ ಇದ್ದಕ್ಕಿದ್ದಂತೆ ಕತ್ತರಿ ಹುಡುಕೋ ಕೆಲಸ ಬಂತು. ಕತ್ತರಿ ಕೈಯಲ್ಲೇ ಇತ್ತು.

ಅವನು ನಿಧಾನವಾಗಿ ವಿವರಿಸಿದ. ಹಳೇ ಲಾಡಿ ಸವೆದಿರೋದು ಹೊಟ್ಟೆ ಹತ್ತಿರ. ಅದಕ್ಕೇ ಅಷ್ಟುದ್ದ, ಹಿಂದೆ ಸುತ್ತಿ ಮುಂದೆ ಬಂದು ಗಂಟು. ಹಾಕ್ಕೊಂಡವಳೇ ಕಟ್ಟೋಳು, ಅವಳೇ ಬಿಚ್ಚೋಳು. ಅದೇ ಕಾಗದದಲ್ಲಿ ಮ್ಯೂಸಿಯಂ ಹೊಲಿಗೆ ವಿಭಾಗಕ್ಕೆ ಅವಳನ್ನ ಕೆಲಸಕ್ಕೆ ಕರೆದಿದ್ದ. ಉತ್ತರ ಬಾರದಿದ್ದಾಗ ಇಷ್ಟವಿಲ್ಲ ಅಂದುಕೊಂಡಿದ್ದ.

ಅವಳು ಹಿಂದೆ ಕೈ ಹಾಕಿದಳು, ಗಂಟು ಸಿಗಲಿಲ್ಲ. ಅತ್ತಿಗೆ ಗಂಡನ ಮುಖ ಒಮ್ಮೆ ನೋಡಿದಳು, ಬಂದು ಗಂಟು ಬಿಚ್ಚಿದಳು.

"ಇವಳು ಹೋದ್ರೆ ನೆರಿಗೆ ಯಾರು ಹಿಡೀತಾರೆ?" ಅಂದ ಅಣ್ಣ.

"ನೀನೇ ಹಿಡಿ ಅಣ್ಣ. ಬೋರ್ಡಲ್ಲಿ ನಿನ್ನ ಹೆಸರೇ ಇದೆಯಲ್ಲ."

ಲಾಡಿ ಮುಂದೆ ತಂದು ತಾನೇ ಕಟ್ಟಿ ತೋರಿಸಿದಳು. ತಾನೇ ಬಿಚ್ಚಿದಳು. ಮಡಿಸಿ ಅವನ ಕೈಗಿಟ್ಟು, ಅವನ ಜೊತೆಗೇ ಬೀದಿಗಿಳಿದಳು.

ತಿರುವು ದಾಟಿದ ಮೇಲೆ ಕೇಳಿದಳು.

"ಕಾಗದದಲ್ಲಿ ಬರೀ ಕೆಲಸದ ವಿಷಯ ಇತ್ತಾ?"

"ಎರಡನೇ ಪುಟಾನೂ ಇತ್ತು... ಬರೆಯೋವಾಗ ಇದ್ದ ಧೈರ್ಯ ಈಗಿಲ್ಲ."

"ನಿಧಾನವಾಗಿ ಹೇಳಿ. ನನಗೆ ಅವಸರ ಇಲ್ಲ."

"ನಿಮ್ಮನ್ನ ನೋಡದ ವಾರ ತುಂಬಾ ಉದ್ದ ಅನ್ಸುತ್ತೆ ಅಂತ ಬರೆದಿದ್ದೆ."

ಅವಳು ಅವನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿದಳು.

"ನನ್ನ ಹದಿನೈದು ದಿನಾನೂ ಗಿಡ್ಡ ಇರಲಿಲ್ಲ ರೀ."