ಓಜೆಲ್‌ನ ಬಲಗೈ

ಹಿತ್ತಲಲ್ಲಿ ಒಣಹಾಕಿದ್ದ ಬಿಳಿ ದುಪ್ಪಟಿಗೆ ಚೆಂಡು ಬಂದು ಬಡಿದು ಕೆಮ್ಮಣ್ಣಿನ ಕಲೆಯಾದಾಗ ವರ್ಡೆಲ್ ಉರಿದುಬಿದ್ದಳು.

“ಕಣ್ಣು ಕಾಣಲ್ವೇನಯ್ಯಾ?”

“ಕಾಣತ್ತೆ. ಅದಕ್ಕೇ ಸರಿಯಾಗಿ ಅಲ್ಲಿಗೇ ಎಸೆದೆ,” ಎಂದ ಓಜೆಲ್. “ಇಲ್ದಿದ್ರೆ ನೀವು ತಿರುಗಿ ನೋಡ್ತಿದ್ರಾ?”

ತುಟಿ ಬಿಗಿಹಿಡಿದಳು. ಕಣ್ಣು ಮಾತ್ರ ನಕ್ಕುಬಿಟ್ಟಿತು.

ಆಗ ಅಮೆರಿಕದ ಬರ್ಮಿಂಗ್‌ಹ್ಯಾಮಿನ ಹೋಟೆಲುಗಳಲ್ಲಿ ಕರಿಯರಿಗೆ ಕೋಣೆ ಇರಲಿಲ್ಲ. ಹಾಗಾಗಿ ಓಜೆಲ್‌ನ ಕರಿಯರ ಬೇಸ್‌ಬಾಲ್ ತಂಡ ಪ್ರತಿ ಬೇಸಿಗೆ ಅವಳ ಚಿಕ್ಕಮ್ಮನ ಮನೆಯಲ್ಲೇ ಇಳಿಯುತ್ತಿತ್ತು. ಅವನ ತಟ್ಟೆಗೆ ಕರಿದ ಮೀನು ಒಂದು ತುಂಡು ಹೆಚ್ಚೇ ಬೀಳುತ್ತಿತ್ತು.

“ಬಿಳಿಯರ ದೊಡ್ಡ ಲೀಗು ಕರೆದ ದಿನವೇ ನಮ್ಮ ಮದುವೆ,” ಎನ್ನುತ್ತಿದ್ದ. “ಊರೂರು ಅಲೆದು ಬಸ್ಸಲ್ಲಿ ಮಲಗೋ ಗಂಡ ಯಾರಿಗೆ ಬೇಕು?”

“ನನಗೆ ಬೇಕು.”

ತಮಾಷೆ ಎಂದುಕೊಂಡು ಅವನು ನಕ್ಕ.

ವರ್ಷಗಳು ಕಳೆದವು. ದಿನಕ್ಕೆರಡು ಪಂದ್ಯದಲ್ಲಿ ಚೆಂಡು ಎಸೆದೆಸೆದು ಅವನ ಬಲಭುಜ ಸವೆಯಿತು. ವರ್ಡೆಲ್ ಅದಕ್ಕೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ತನ್ನನ್ನು ಮದುವೆಗೆ ಕೇಳಲು ಬಂದ ಒಳ್ಳೆಯ ಗಂಡುಗಳನ್ನೆಲ್ಲ ವಾಪಸು ಕಳಿಸಿದಳು.

ಎರಡನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಲೀಗಿನ ಬಾಗಿಲು ಕರಿಯರಿಗೂ ತೆರೆಯಿತು. ಒಂದು ಭಾನುವಾರ ಆ ಲೀಗಿನ ಬಿಳಿಯನೊಬ್ಬ ಆಟಗಾರರನ್ನು ಆರಿಸಲು ಬಂದ. ಓಜೆಲ್ ನೋವು ನುಂಗಿಕೊಂಡು ಕೊನೆಯವರೆಗೂ ಎಸೆದ, ಗೆದ್ದ. ಬಿಳಿಯ ಅವನ ಬೆನ್ನು ತಟ್ಟಿದ. “ಹತ್ತು ವರ್ಷದ ಹಿಂದೆ ನಿನ್ನ ನೋಡಬೇಕಿತ್ತಪ್ಪಾ.”

“ಇಲ್ಲೇ ಇದ್ದೆ,” ಎಂದ ಓಜೆಲ್.

ಬಿಳಿಯ ಎಳೆಯ ಆಟಗಾರನೊಬ್ಬನನ್ನು ಆರಿಸಿ ಕರೆದುಕೊಂಡು ಹೊರಟುಹೋದ.

ಸಂಜೆ ಓಜೆಲ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಕೈ ಏಳುತ್ತಿರಲಿಲ್ಲ.

“ಮದುವೆ ಆಗೋಣ, ವರ್ಡೆಲ್. ಇನ್ನು ಕಾಯೋದಕ್ಕೆ ಏನೂ ಉಳಿದಿಲ್ಲ.”

ಈ ಮಾತಿಗಾಗಿಯೇ ಅವಳು ಹರೆಯವೆಲ್ಲ ಕಾದಿದ್ದಳು. ಈಗ ಕಿವಿಗೆ ಬಿದ್ದಾಗ ಎದೆ ಉರಿಯಿತು.

“ಅವರು ಕರೆದಿದ್ರೆ ಇವತ್ತು ಇಲ್ಲಿಗೆ ಬರ್ತಿದ್ದೆಯಾ?”

ಅವನು ಸುಳ್ಳು ಹೇಳುವವನಲ್ಲ. “ಗೊತ್ತಿಲ್ಲ,” ಎಂದ.

“ಅವರಿಗೆ ಬೇಡವಾದ ಮೇಲೆ ನಾನಾ?”

ಓಜೆಲ್‌ನ ಕಣ್ಣು ತುಂಬಿತು. “ನಿನ್ನನ್ನ ರಾಣಿ ಹಾಗೆ ಇಟ್ಕೋಬೇಕು ಅಂತಿದ್ದೆ ಕಣೇ.”

“ನಾನು ಕೇಳಿದ್ನಾ?”

ಹೊರಗೆ ತಂಡದ ಬಸ್ಸು ಹಾರ್ನ್ ಹಾಕಿತು. ವರ್ಡೆಲ್ ಹತ್ತಿರ ಬಂದು ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೊರಳಿನ ಗುಂಡಿಯ ಹತ್ತಿರ ಬೆರಳು ತುಸು ಹೊತ್ತು ನಿಂತಿತು.

“ಹೋಗು, ಓಜೆಲ್. ನಿನ್ನ ಬಿಟ್ಟು ಹೋಗ್ತಾರೆ.”

ಬಸ್ಸು ತಿರುವು ದಾಟುವವರೆಗೂ ತಡೆದುಕೊಂಡಳು. ಆಮೇಲೆ ಒಲೆ ಆರಿಸಿ, ನೆಲದ ಮೇಲೆ ಕುಕ್ಕರಿಸಿ ಅತ್ತಳು.