ಹರಿವಾಣದಲ್ಲಿ ಉಳಿದ ವೀಳ್ಯ

ವೀಳ್ಯದೆಲೆಯ ಬೆನ್ನಿನ ನಾರು ತೆಗೆಯುತ್ತಿದ್ದ ಶೇಷಮ್ಮನ ಕೈ ಅಲ್ಲಿಗೇ ನಿಂತಿತು. ಜಗಲಿಯಲ್ಲಿ ಕೇಳಿದ ನಗು ಮೈದುನ ಹೂವಪ್ಪನದು! ಗಂಡ ಇವತ್ತು ಹರಿವಾಣ ತರಲು ಹೇಳಿದ್ದು ಇವನಿಗಾಗಿಯೇ?...

ಸಾಗರದ ಆ ಬಾಡಿಗೆ ಮನೆಯಲ್ಲಿ ಹರಿವಾಣ ಹೊರಗೆ ಹೋಯಿತೆಂದರೆ ಎಲ್ಲೋ ಏನೋ ಉರಿಯಲಿದೆ ಎಂದೇ ಅರ್ಥ. ಗಂಡ ಮಂಜುನಾಥಪ್ಪ ಒಂದು ಕಾಲಕ್ಕೆ ಶಾಲೆಯ ಮಾಸ್ತರು. ಗೇಣಿದಾರರ ಪರವಾಗಿ ಭಾಷಣ ಮಾಡಿ ಕೆಲಸ ಕಳೆದುಕೊಂಡರು, ಜೈಲನ್ನೂ ಕಂಡರು. ಕೋರ್ಟಿನಲ್ಲಿ ಸೋತ ಗೇಣಿದಾರರು ದೊಣ್ಣೆ ಹಿಡಿದು ಪಡೆ ಕಟ್ಟಿದಾಗ ಅವರಿಗೆ ದಾರಿ ತೋರುವ ಹಿರಿಯರಾದರು. ಪಡೆಯ ಮುಖಂಡರು ಬದಲಾದರು, ಸಲಹೆ ಹೇಳುವ ಮಂಜುನಾಥಪ್ಪ ಮಾತ್ರ ಬದಲಾಗಲಿಲ್ಲ. ಅವರು ದೊಣ್ಣೆ ಮುಟ್ಟಿದವರಲ್ಲ. 'ಹೋಗಿ ಮಾಡಿ' ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ಒಪ್ಪಿಗೆಯಾದರೆ ಹರಿವಾಣ ತರಿಸಿ, ಹೋಗುವವನ ಕೈಗೆ ವೀಳ್ಯ ಕೊಡುತ್ತಿದ್ದರು. ಪೊಲೀಸರು ಕೇಳಿದರೆ, ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಟ್ಟೆ... ಅಷ್ಟೇ!

ಶೇಷಮ್ಮನೂ ಬಹಳ ದಿನ ಅಷ್ಟೇ ಎಂದುಕೊಂಡಿದ್ದಳು. "ನಂಗೆ ಲವಂಗ ಚುಚ್ಚಿ ಕೊಡಿ ಅಮ್ಮ" ಎಂದು ನಗುತ್ತಾ ಕೇಳಿ ವೀಳ್ಯ ಇಸಿದುಕೊಂಡು ಹೋದ ಪಡೆಯ ಹುಡುಗ ವಾಸಪ್ಪನ ಹೆಣ ಹೊಸನಗರದಿಂದ ಗಾಡಿಯಲ್ಲಿ ಬಂದ ದಿನ, ಅವಳಿಗೆ ತನ್ನ ಬೆರಳ ತುದಿಯ ಸುಣ್ಣ ಎಷ್ಟು ತೊಳೆದರೂ ಹೋಗದಂತೆ ಕಂಡಿತ್ತು.

ಹೂವಪ್ಪ ಅಡುಗೆಮನೆಗೇ ಬಂದ.

"ಅತ್ತಿಗೆಮ್ಮ, ಸುಣ್ಣ ಕಮ್ಮಿ ಹಾಕಿ. ನಾಲಿಗೆ ಸುಟ್ಕೊಂಡ್ರೆ ನಾಳೆ ಕೂಗೋದು ಹೆಂಗೆ?"

"ನಿಂಗ್ಯಾಕೋ ವೀಳ್ಯ?"

"ನಾನೇ ಅಣ್ಣನ್ನ ಕೇಳ್ದೆ. ನಾಳೆ ಮಧ್ಯಾಹ್ನ ಅರಳಸುರಳಿ ಕಣಕ್ಕೆ ಹೋಗೋದು. ಗೇಣಿ ಅಂತ ಜಮೀನಿನ ಒಡೇರು ಭತ್ತ ಎಲ್ಲ ಅಳೆಸ್ಕೊಂಡ್ರೆ ಒಕ್ಕಲು ಮಕ್ಳು ಎಂತ ತಿನ್ಬೇಕು? ಹುಲ್ಲಿನ ಬಣವೆಗೆ ಬೆಂಕಿ ಬಿದ್ರೆ ತಾವಾಗೇ ಮಾತಿಗೆ ಬರ್ತಾರೆ."

"ಕೋವಿ ತರಿಸಿಟ್ಟಿದಾರಂತಲ್ಲೋ!"

"ತರಿಸ್ಲಿ ಬಿಡಿ. ಅದ್ರಲ್ಲಿ ಅವ್ರು ಈವರೆಗೆ ಒಂದು ಹಂದೀನೂ ಹೊಡ್ದಿಲ್ಲ!"

ಅವನು ನಕ್ಕ. ಅತ್ತೆ ಸಾಯುವಾಗ ಕೂಸಾಗಿದ್ದ ಇವನನ್ನು ಅವಳ ಮಡಿಲಿಗೇ ಹಾಕಿದ್ದರು. ಹೊಟ್ಟೆಯಲ್ಲಿ ಹುಟ್ಟದಿದ್ದ ಮಗ... ಹರಿವಾಣ ಬಿಟ್ಟು ಒಳಕೋಣೆಯಲ್ಲಿದ್ದ ಗಂಡನ ಬಳಿಗೆ ಹೋದಳು.

"ಅವನೊಬ್ಬನ್ನ ಬಿಟ್ಬಿಡಿ... ಕೈ ಮುಗೀತೀನಿ!"

ಮಂಜುನಾಥಪ್ಪ ಕಿಟಕಿಯ ಕಡೆಗೇ ನೋಡುತ್ತಿದ್ದರು. "ವಾಸಪ್ಪನ ತಾಯಿಗೂ ಅವನೊಬ್ನೇ ಇದ್ದ. ನಮ್ಮವನನ್ನ ಮನೇಲಿಟ್ಕೊಂಡು ಯಾವ ಮುಖದಲ್ಲಿ ಇನ್ನೊಬ್ರ ಮಗನಿಗೆ ವೀಳ್ಯ ಕೊಡ್ಲಿ?"

"ಹಂಗಾದ್ರೆ ನೀವೇ ಹೋಗಿ!"

ಅವರು ಕಿಟಕಿಯಿಂದ ಇತ್ತ ತಿರುಗಿದರು.

"ನಾನೇ ಹೋದ್ರೆ... ಹೇಳೋರು ಯಾರು?" ಮತ್ತೆ ಕಿಟಕಿಯ ಕಡೆಗೆ ತಿರುಗಿದರು. "ಹರಿವಾಣ ತಾ, ಶೇಷು."

ತಂದಳು. ವೀಳ್ಯ ಕೊಡುವಾಗ ಅವರ ಕೈಯಿಂದ ಒಂದು ಅಡಿಕೆ ನೆಲಕ್ಕುರುಳಿತು. ಯಾರೂ ಎತ್ತಿಕೊಳ್ಳಲಿಲ್ಲ. ಹೂವಪ್ಪ ಅತ್ತಿಗೆಯ ಕಾಲು ಮುಟ್ಟಿ, ಎಲೆ ಅಗಿಯುತ್ತಾ ಅಂಗಳ ದಾಟಿದ. ಅಣ್ಣ ತಮ್ಮ ಇಬ್ಬರಿಗೂ ಇನ್ನು ಹಿಂದೆ ಸರಿಯಲಾಗದು. ಕೊಟ್ಟ ವೀಳ್ಯ ಕೊಟ್ಟ ಹಾಗೆ.

ಶೇಷಮ್ಮ ಅಡಿಕೆ ಎತ್ತಿ, ಸೆರಗಿನಲ್ಲಿ ಒರೆಸಿದಳು.

"ನಾಳೆ ವರದಮೂಲದ ದೇವಸ್ಥಾನಕ್ಕೆ ಹೋಗಿ ಬರ್ತೀನಿ."

"ಹೋಗಿ ಬಾ. ಮನಸ್ಸಿಗೂ ಸಮಾಧಾನ" ಎಂದರು ಅವರು, ತಲೆ ಎತ್ತದೆ.

ಅವಳು ಹತ್ತಲಿರುವುದು ವರದಮೂಲದ ಬಸ್ಸಲ್ಲ, ಅರಳಸುರಳಿಯ ದಾರಿಯ ತೀರ್ಥಹಳ್ಳಿಯ ಮೊದಲ ಬಸ್ಸು. ಬಿಸಿಲೇರುವುದರೊಳಗೆ ಅರಳಸುರಳಿಯ ಕಣದಲ್ಲಿ, ಭತ್ತ ತೂರುವ ಹೆಂಗಸರ ಸಾಲಿನಲ್ಲಿ, ಬಣವೆಗೆ ಬೆನ್ನು ಕೊಟ್ಟು ಅವಳೂ ಮೊರ ಹಿಡಿದಿರುತ್ತಾಳೆ. ಬೆಂಕಿ ಹಿಡಿದು ಬರುವವನಿಗೆ ಮೊದಲು ಅತ್ತಿಗೆಯ ಮುಖ ಕಾಣಲಿ. ಕೋವಿ ಎತ್ತಿದವರಿಗೂ ಮೊದಲು ಅವಳೇ ಕಾಣಲಿ...

ಹರಿವಾಣ ಹಿಡಿದು ಅಡುಗೆಮನೆಗೆ ಹೋಗಿ, ಅದರಲ್ಲಿ ಉಳಿದಿದ್ದ ಎಲೆಗೆ ತೆಳ್ಳಗೆ ಸುಣ್ಣ ಸವರಿ, ಆ ಅಡಿಕೆಯನ್ನೇ ಇಟ್ಟು ಮಡಚಿ, ಲವಂಗ ಚುಚ್ಚಿದಳು. ತಾನೇ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.